ಹಳೆಯ ಸೈಕಲ್ಲಿಗೆ ಹದಿನೈದು ಸಾವಿರ

ನಾನಿರುವ ವಾಗೆನಿಂಗೆನ್‌ಗೂ ನಮ್ಮ ಕೊಡಗಿಗೂ ಒಂದು ವಿಷಯದಲ್ಲಿ ಸಾಮ್ಯವಿದೆ. ಎರಡು ಕಡೆಗೂ ರೈಲು ಬರುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ನಡುಭಾಗದಲ್ಲಿ, ರೈನ್ ನದಿಯ ಕವಲೊಂದರ ದಂಡೆಯಲ್ಲಿರುವ ಈ ಪುಟ್ಟ ಊರಿಗೆ ಬರುವವರು ಸುಮಾರು ಎಂಟು ಕಿಲೋಮೀಟರ್ ದೂರದ ನಿಲ್ದಾಣದಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸಾಮ್ಯ ಅಲ್ಲಿಗೆ ಮುಗಿಯಿತು. ಇಲ್ಲಿ ನೆಲ ಬಹುಮಟ್ಟಿಗೆ ಚಪ್ಪಟೆ, ಮತ್ತು ಊರಿಗೆ ಊರೇ ಸೈಕಲ್ ಮೇಲೆ. ಪ್ರಾಧ್ಯಾಪಕರು, ಅಂಚೆಯವರು, ಮಗುವನ್ನು ಮುಂದೆ ಕೂರಿಸಿಕೊಂಡ ತಾಯಂದಿರು, ಎಂಬತ್ತು ದಾಟಿದ ಅಜ್ಜಂದಿರು, ಎಲ್ಲರೂ. ಈ ದೇಶದ ಜನಸಂಖ್ಯೆ ಸುಮಾರು 1.8 ಕೋಟಿ. ಸೈಕಲ್ಲುಗಳ ಸಂಖ್ಯೆ ಅದನ್ನೂ ಮೀರಿ 2.3 ಕೋಟಿಯ ಆಸುಪಾಸಿನಲ್ಲಿದೆ.

ಕೃಷಿ, ಅರಣ್ಯ, ಆಹಾರ ವಿಜ್ಞಾನಗಳ ವಿಶ್ವವಿದ್ಯಾಲಯದಿಂದಲೇ ಹೆಸರಾದ ಊರು ಇದು. ಕಾಫಿ, ಮೆಣಸು, ಕಾಡು ಎಂದುಕೊಂಡೇ ಬೆಳೆದ ನಮ್ಮ ಕಡೆಯ ಮಕ್ಕಳು ಆಗೊಬ್ಬರು ಈಗೊಬ್ಬರು ಓದಲು ಬರುತ್ತಾರೆ. ಈ ವರ್ಷ ಬಂದವನು ನನ್ನ ಅಕ್ಕನ ಮಗ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಮುಗಿಸಿಕೊಂಡು ಬಂದಿದ್ದಾನೆ. ಅವನ ಕೋಣೆಯಿಂದ ತರಗತಿಗೆ ನಡೆದರೆ ಮುಕ್ಕಾಲು ಗಂಟೆ. ದಿನಸಿ ಅಂಗಡಿ ಇನ್ನೊಂದು ದಿಕ್ಕಿಗೆ. ಸೈಕಲ್ಲಿಲ್ಲದೆ ಆಗುವುದಿಲ್ಲ, ಹೊಸದು ಕೊಳ್ಳುವಷ್ಟು ದುಡ್ಡಿಲ್ಲ. ಹಳೆಯದನ್ನು 150 ಯೂರೋ ಕೊಟ್ಟು ಕೊಡಿಸಿದೆ. ಅಕ್ಕ ಅದನ್ನು ಮನೆಯಲ್ಲಿ ಹೇಳಿದಳೋ ಇಲ್ಲವೋ, ಭಾವನಿಂದ ಫೋನು ಬಂತು. "ಹಳೆಯ ಸೈಕಲ್ಲಿಗೆ ಹದಿನೈದು ಸಾವಿರ ಕೊಟ್ಟಿರಾ? ಅಷ್ಟಕ್ಕೆ ಕುಶಾಲನಗರದಲ್ಲಿ ಹೊಸದೇ ಬರುತ್ತದಲ್ಲ!" ಬರುತ್ತದೆ, ಸುಳ್ಳಲ್ಲ. ಆದರೂ ಆ ಹದಿನೈದು ಸಾವಿರ ಯಾತಕ್ಕೆ ಹೋಯಿತು ಎನ್ನುವುದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗುವುದಿಲ್ಲ. ಮುಂದಿನ ವರ್ಷ ಮಕ್ಕಳನ್ನು ಕಳುಹಿಸುವವರಿಗೂ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಳೆಯ ಮಾತು. ಮಡಿಕೇರಿಯ ಜುಲೈ ಕಂಡವರಿಗೆ ಇಲ್ಲಿನದು ಮಳೆ ಎನಿಸುವುದೇ ಇಲ್ಲ. ವರ್ಷವಿಡೀ ಸೇರಿಸಿದರೂ 850 ಮಿಲಿಮೀಟರ್ ಆದೀತು, ಮಡಿಕೇರಿಯಲ್ಲಿ 3,000 ದಾಟುತ್ತದೆ. ಆದರೆ ಇಲ್ಲಿನ ಮಳೆಗೆ ಕಾಲವಿಲ್ಲ. ಹನ್ನೆರಡು ತಿಂಗಳೂ ಗಾಳಿಯ ಜೊತೆ ಸೇರಿ ಜಿನುಗುತ್ತಲೇ ಇರುತ್ತದೆ, ಸೈಕಲ್ಲುಗಳೋ ಹಗಲಿರುಳು ಬಯಲಿನಲ್ಲೇ ನಿಂತಿರುತ್ತವೆ. ಅದಕ್ಕೆಂದೇ ಇಲ್ಲಿನವರ ಸೈಕಲ್ಲಿನಲ್ಲಿ ನೀರು ತಾಕಿ ಕೆಡುವಂಥದ್ದೆಲ್ಲ ಒಳಗಡೆ ಅಡಗಿದೆ. ಚೈನಿಗೆ ಪೂರ್ತಿ ಕವರು. ಮೂರೋ ಏಳೋ ಗಿಯರು ಇದ್ದರೆ ಅವು ಹಿಂಗಾಲಿಯ ನಟ್ಟನಡುವಿನ ಹಬ್‌ನ ಒಳಗೆ. ಬ್ರೇಕೂ ಎಷ್ಟೋ ಸೈಕಲ್ಲುಗಳಲ್ಲಿ ಹಬ್‌ನಲ್ಲೇ ಇದೆ, ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುತ್ತದೆ. ಹುಡುಗನಿಗೆ ಮೊದಲು ಪೇಚಾಟವಾದದ್ದು ಇದರಿಂದಲೇ. ನಾವೆಲ್ಲ ಸೈಕಲ್ ಹತ್ತುವ ಮೊದಲು ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಸರಿಯಾಗುವಂತೆ ನಿಲ್ಲಿಸಿಕೊಳ್ಳುತ್ತೇವಲ್ಲವೇ, ಇದರಲ್ಲಿ ಅದು ನಡೆಯುವುದಿಲ್ಲ. ಇಳಿಯುವಾಗಲೇ ಪೆಡಲು ಮೇಲೆ ಬರುವಂತೆ ನೋಡಿಕೊಂಡು ನಿಲ್ಲಿಸಬೇಕು. ಎರಡು ದಿನ ಎಡವಟ್ಟು, ಮೂರನೆಯ ದಿನ ಅಭ್ಯಾಸ.

ಹೊಳೆಯುವ ಸಪೂರ ಟೈರಿನ ರೇಸ್ ಸೈಕಲ್ಲುಗಳೂ ಹಳೆಯ ಮಾಲಿನಲ್ಲಿ ಇದೇ ಬೆಲೆಗೆ ಸಿಗುತ್ತವೆ, ಹುಡುಗರ ಕಣ್ಣು ಅತ್ತಲೇ. ನನ್ನವನೂ ಒಂದನ್ನು ತೋರಿಸಿ "ಚಿಕ್ಕಮ್ಮ, ಇದು ಎಷ್ಟು ಹಗುರ ನೋಡಿ" ಎಂದ. ಹಗುರವೇ, ಆದರೆ ಅದಕ್ಕೆ ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ದೀಪವಿಲ್ಲ. ಐದು ಕಿಲೋ ಅಕ್ಕಿ ಎಲ್ಲಿ ಇಡುತ್ತೀಯಾ ಎಂದೆ. ದಿನವೂ ಕೆಲಸಕ್ಕೆ ಬೇಕಾದ ಸೈಕಲ್ಲು ಕೊಳ್ಳುವಾಗ ನನ್ನ ಮೊದಲ ಪ್ರಶ್ನೆ ಇದೇ, ಬೆಲೆಯ ಪ್ರಶ್ನೆ ಆಮೇಲೆ.

ಯಾವಾಗ ಕೊಳ್ಳಬೇಕು ಎನ್ನುವುದರಲ್ಲೇ ಅರ್ಧ ಗೆಲುವಿದೆ. ಆಗಸ್ಟ್ ಕೊನೆಯಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುತ್ತಾರೆ, ಗುಜರಿಗೆ ಹೋಗಬೇಕಾದದ್ದಕ್ಕೂ ಆಗ ಬೆಲೆ ಬರುತ್ತದೆ. ಓದು ಮುಗಿಸಿ ಊರು ಬಿಡುವವರು ಜೂನ್, ಜುಲೈನಲ್ಲಿ ಸಿಕ್ಕಿದ ಬೆಲೆಗೆ ಕೊಟ್ಟು ಹೋಗುತ್ತಾರೆ. ಇಲ್ಲಿ ಪರಿಚಯದವರಿದ್ದರೆ ಆಗಲೇ ಒಂದನ್ನು ತೆಗೆದಿಡಲು ಹೇಳಿ. ಇನ್ನು ಯಾರಿಂದ ಕೊಳ್ಳಬೇಕು? ರಿಪೇರಿ ಅಂಗಡಿಯವರು ಹಳೆಯದನ್ನು ಬಿಚ್ಚಿ ಸರಿಮಾಡಿ, ಕೆಲವು ತಿಂಗಳ ಖಾತರಿ ಕೊಟ್ಟು ಮಾರುತ್ತಾರೆ. ಐವತ್ತು ಯೂರೋ ಹೆಚ್ಚಾದರೂ ಸೈಕಲ್ಲಿನ ಗಂಧಗಾಳಿ ಇಲ್ಲದವರಿಗೆ ಅದೇ ಕ್ಷೇಮ. ಅಂತರ್ಜಾಲದಲ್ಲಿ ಮಾರ್ಕ್ಟ್‌ಪ್ಲಾಟ್ಸ್ ಎಂಬ ದೊಡ್ಡ ಸಂತೆಯೇ ಇದೆ. ಅದರಲ್ಲಿ ನಾನು ಹುಡುಕುವುದು ಒಂದೇ ಬಗೆಯ ಮಾರಾಟಗಾರರನ್ನು: ಬ್ಯಾಟರಿ ಸೈಕಲ್ಲು ಕೊಂಡ ವಯಸ್ಸಾದವರನ್ನು. ಇಲ್ಲಿನ ಹಿರಿಯರು ಒಬ್ಬೊಬ್ಬರಾಗಿ ಬ್ಯಾಟರಿಯದಕ್ಕೆ ಬದಲಾಗುತ್ತಿದ್ದಾರೆ, ಅವರು ವರ್ಷಗಟ್ಟಲೆ ಜೋಪಾನ ಮಾಡಿದ ಸಾದಾ ಸೈಕಲ್ಲು ಶೆಡ್ಡಿನಲ್ಲಿ ಖಾಲಿ ನಿಂತಿರುತ್ತದೆ.

ಹುಡುಗನ ಸೈಕಲ್ಲು ಸಿಕ್ಕಿದ್ದೂ ಹಾಗೆಯೇ, ಪಕ್ಕದ ಬೆನ್ನೆಕೊಮ್ ಎಂಬ ಹಳ್ಳಿಯಲ್ಲಿ. ಗಝೆಲ್ ಕಂಪನಿಯ ಏಳು ಗಿಯರಿನದು. 1892ರಲ್ಲಿ ಆರಂಭವಾದ ಕಂಪನಿ ಅದು, ಇಲ್ಲಿನ ಯಾವ ಬೀದಿಯಲ್ಲಿ ನಿಂತರೂ ಅವರದೊಂದು ಸೈಕಲ್ಲು ಕಣ್ಣಿಗೆ ಬೀಳುತ್ತದೆ. ಮನೆಯೊಡತಿ ಸೈಕಲ್ಲಿನ ಜೊತೆಗೆ ಒಂದು ಸಣ್ಣ ಪುಸ್ತಕವನ್ನೂ ತಂದರು. ಹಿಂದಿನ ಟೈರು ಬದಲಿಸಿದ್ದು, ಚೈನು ಹೊಸದು ಹಾಕಿಸಿದ್ದು, ಬ್ರೇಕ್ ತಂತಿ ಎಳೆಸಿದ್ದು, ಎಲ್ಲವೂ ದಿನಾಂಕದೊಂದಿಗೆ ನೀಲಿ ಶಾಯಿಯಲ್ಲಿ. ಪುಸ್ತಕ ಕಂಡ ಮೇಲೂ ನಾನು ಸೈಕಲ್ಲನ್ನು ನೋಡದೆ ಬಿಡಲಿಲ್ಲ, ಅವರೂ ಬೇಸರಪಡಲಿಲ್ಲ.

ಹಳೆಯ ಸೈಕಲ್ಲು ನೋಡುವಾಗ ನನ್ನ ಲೆಕ್ಕ ಇಷ್ಟು. ಅಗ್ಗದಲ್ಲಿ ಬದಲಿಸಬಹುದಾದದ್ದು ಚೆನ್ನಾಗಿದೆಯೆಂದು ಹಿಗ್ಗಬೇಡಿ, ಕೆಟ್ಟಿದೆಯೆಂದು ಕುಗ್ಗಲೂ ಬೇಡಿ. ಹರಿದ ಸೀಟು, ಸವೆದ ಬ್ರೇಕ್ ರಬ್ಬರ್, ಮುರಿದ ಬೆಲ್ಲು, ತಿರುಗದ ಪೆಡಲು ಇವೆಲ್ಲ ಹತ್ತು ಹದಿನೈದು ಯೂರೋದ ಮಾತು, ಬೆಲೆ ಇಳಿಸಲು ನಮಗೇ ಅನುಕೂಲ. ಬದಲಿಸಲು ಆಗದವು, ಇಲ್ಲವೇ ಬದಲಿಸಿದರೆ ಸೈಕಲ್ಲಿನಷ್ಟೇ ಖರ್ಚು ತರುವವು ಮೂರ್ನಾಲ್ಕು ಮಾತ್ರ: ಚೌಕಟ್ಟು, ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು, ಗಾಲಿಗಳು, ಹಬ್. ಮಾರುವವರು ಸೀಟನ್ನು ಒರೆಸಿ ಹೊಳಪಿಸುತ್ತಾರೆ. ನಾವು ನೋಡಬೇಕಾದದ್ದು ಹ್ಯಾಂಡಲ್ಲಿನ ಕೆಳಗೆ, ಮುಂದಿನ ಕೊಳವೆಗಳು ಕೂಡುವ ಜಾಗದಲ್ಲಿ. ಅಲ್ಲಿ ಬಣ್ಣ ಉಬ್ಬಿದ್ದರೆ, ಸುಕ್ಕುಗಟ್ಟಿದ್ದರೆ ಸೈಕಲ್ಲು ಎಲ್ಲೋ ಜೋರಾಗಿ ಗುದ್ದಿದೆ ಎಂದೇ ಅರ್ಥ. ಪಕ್ಕದಿಂದ ನೋಡಿದಾಗ ಫೋರ್ಕು ಹಿಂದಕ್ಕೆ ಬಾಗಿದ್ದರೂ ಅದೇ ಕಥೆ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ.

ಆಮೇಲೆ ಕೈಯ ಕೆಲಸ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತೂಗಬೇಕು. ಹ್ಯಾಂಡಲ್ಲಿನ ಬುಡದಲ್ಲಿ ಟಕ್ ಟಕ್ ಎಂದರೆ ಅಲ್ಲಿ ಸಡಿಲವಿದೆ. ಪೆಡಲಿನ ತೋಳನ್ನು ಹಿಡಿದು ಚೌಕಟ್ಟಿನ ಕಡೆಗೆ ಅಲುಗಿಸಿದರೆ ನಡುವಿನ ಬೇರಿಂಗಿನ ಗತಿ ಕೈಗೇ ತಿಳಿಯುತ್ತದೆ. ಗಾಲಿಯನ್ನು ಎತ್ತಿ ತಿರುಗಿಸಿ, ಮಡ್‌ಗಾರ್ಡಿನ ಕಂಬಿಗೆ ಹೆಬ್ಬೆರಳಿನ ಉಗುರು ಆನಿಸಿಕೊಂಡು ರಿಮ್ಮಿನ ಹತ್ತಿರ ಹಿಡಿದರೆ ಬೆಂಡು ಎಷ್ಟಿದೆ ಎಂದು ಕಾಣುತ್ತದೆ. ಸ್ವಲ್ಪ ಓಲಾಡಿದರೆ ಕಡ್ಡಿ ಬಿಗಿಸಿ ತೆಗೆಯಬಹುದು, ಒಂದೇ ಕಡೆ ಥಟ್ಟನೆ ಜಿಗಿದರೆ ರಿಮ್ಮೇ ನೆಗ್ಗಿದೆ. ಸೀಟಿನ ಬೋಲ್ಟು ಸಡಿಲಿಸಿ ಸೀಟನ್ನು ಏರಿಸಿ ಇಳಿಸಿ ನೋಡುವುದನ್ನು ಹೆಚ್ಚಿನವರು ಬಿಡುತ್ತಾರೆ. ಮಳೆಯಲ್ಲಿ ನಿಂತ ಸೈಕಲ್ಲಿನಲ್ಲಿ ಸೀಟಿನ ಕಂಬ ತುಕ್ಕಿನಿಂದ ಒಳಗೇ ಕಚ್ಚಿಕೊಂಡಿರುತ್ತದೆ, ಹಾಗಾಗಿದ್ದರೆ ಹಿಂದಿನ ಯಜಮಾನನ ಎತ್ತರಕ್ಕೇ ನಾವು ಹೊಂದಿಕೊಳ್ಳಬೇಕು.

ಎತ್ತರದ ವಿಷಯ ಬಂತು. ಡಚ್ಚರು ಉದ್ದಾಳುಗಳು, ಅವರ ಸೈಕಲ್ಲುಗಳೂ ಹಾಗೆಯೇ. ಸೀಟಿನ ಕೊಳವೆಯ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳುತ್ತಾರೆ: 53, 57, 61 ಹೀಗೆ. ಐದೂವರೆ ಅಡಿ ಎತ್ತರದವರು 50ರಿಂದ 53ರ ಒಳಗೆ ಹುಡುಕಬೇಕು. "ಸೀಟು ಇಳಿಸಿದರೆ ಆಯಿತು" ಎಂದು 61ರದ್ದನ್ನು ದಾಟಿಸಲು ನೋಡುವವರಿದ್ದಾರೆ. ಸೀಟು ಇಳಿದರೂ ಹ್ಯಾಂಡಲ್ಲು ಹತ್ತಿರ ಬರುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ ಕಾಲೂ ನೆಲಕ್ಕೆ ಎಟಕುವುದಿಲ್ಲ.

ಚೈನು ತೆರೆದಿದ್ದರೆ ಅಳೆಯಲು ಒಂದು ಸ್ಕೇಲು ಸಾಕು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಉದ್ದವಾಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಎಂಟನೇ ಒಂದು ಭಾಗವಾಗಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಖರ್ಚು ಎರಡು ಪಟ್ಟು. ಪೂರ್ತಿ ಕವರು ಇರುವ ಸೈಕಲ್ಲಿನಲ್ಲಿ ಸ್ಕೇಲು ಹೋಗುವುದಿಲ್ಲ. ಓಡಿಸಿ ನೋಡುವಾಗ ಚೈನು ಕವರಿಗೆ ಬಡಿದು ಕಟಕಟ ಎಂದರೆ ಜೋಲು ಬಿದ್ದಿದೆ ಎಂದು ತಿಳಿಯಬೇಕು. ಹಬ್ ಗಿಯರನ್ನಂತೂ ಓಡಿಸಿಯೇ ನೋಡಬೇಕು, ಒಂದೊಂದು ಗಿಯರಿನಲ್ಲೂ ಎದ್ದು ನಿಂತು ತುಳಿಯಬೇಕು. ಎಲ್ಲಾದರೂ ಕಾಲು ಜಾರಿದ ಹಾಗೆ ಪೆಡಲು ಹುಸಿ ಹೋದರೆ, ಬರೀ ತಂತಿ ಸರಿಮಾಡಿದರೆ ಸಾಕೇ, ಹಬ್ಬೇ ಹೋಗಿದೆಯೇ ಎಂದು ಅಂಗಡಿಯವರೇ ಹೇಳಬೇಕು.

ಟೈರಿನಲ್ಲಿ ಒಂದು ಮೋಜಿದೆ, ಒಂದು ಗುಂಡಿಯೂ ಇದೆ. ಎರಡು ಬೇರೆ ಬೇರೆ ಅಳತೆಯ ಟೈರುಗಳನ್ನು ಇಲ್ಲಿ 28 ಇಂಚು ಎಂದೇ ಕರೆಯುತ್ತಾರೆ. ಹೊಸ ಬಗೆಯ ಸೈಕಲ್ಲಿನ ಟೈರಿನ ಮಗ್ಗುಲಲ್ಲಿ 37-622 ಎಂದು ಬರೆದಿರುತ್ತದೆ, ಇಲ್ಲಿನವರು ಅಜ್ಜಿ ಸೈಕಲ್ಲು ಎನ್ನುವ ಹಳೆಯ ಬಗೆಯದರ ಮೇಲೆ 40-635. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಕೊನೆಯ ಮೂರು ಅಂಕಿಯನ್ನು ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಮೋಜು ಏನೆಂದರೆ, ಈ 635 ನಮ್ಮೂರಿನ ಹಿರೋ, ಅಟ್ಲಾಸ್ ಸೈಕಲ್ಲುಗಳ 28 × 1½ ಅಳತೆಯೇ. ಗಾಳಿ ತುಂಬಿಸುವ ವಾಲ್ವೂ ನಮ್ಮಲ್ಲಿಯ ಜಾತಿಯದೇ, ಪಂಪು ಬದಲಿಸಬೇಕಾಗಿಲ್ಲ. ಸುಂಟಿಕೊಪ್ಪದ ಪಂಕ್ಚರ್ ಅಂಗಡಿಯವರನ್ನು ಇಲ್ಲಿ ತಂದು ಕೂರಿಸಿದರೆ ಮೊದಲ ದಿನದಿಂದಲೇ ಸಂಪಾದಿಸಬಹುದು. ಇಲ್ಲಿಯೂ ಗಾಲಿ ಬಿಚ್ಚದೆ ಟೈರಿನ ಒಂದು ಮಗ್ಗುಲು ಎಬ್ಬಿಸಿ, ಟ್ಯೂಬು ಹೊರಗೆಳೆದು, ನೀರಿನಲ್ಲಿ ಅದ್ದಿ, ಉಜ್ಜಿ, ತೇಪೆ ಹಚ್ಚುತ್ತಾರೆ. ಆದರೆ ಹಿಂದಿನ ಟೈರನ್ನೇ ಬದಲಿಸಬೇಕೆಂದರೆ ಚೈನ್ ಕವರು, ಗಿಯರು ತಂತಿ, ಬ್ರೇಕಿನ ತೋಳು ಎಲ್ಲವನ್ನೂ ಬಿಚ್ಚಬೇಕು, ಕೂಲಿಯೇ ಟೈರಿನ ಬೆಲೆಯನ್ನು ಮೀರುತ್ತದೆ. ಆದ್ದರಿಂದ ಹಳೆಯ ಸೈಕಲ್ಲಿನಲ್ಲಿ ಮುಂದಿನ ಟೈರು ಬಿರುಕು ಬಿಟ್ಟಿದ್ದರೆ ನಾನು ಸುಮ್ಮನಿರುತ್ತೇನೆ, ಹಿಂದಿನದು ಬಿಟ್ಟಿದ್ದರೆ ಬೆಲೆ ಇಳಿಸಲು ಕೇಳುತ್ತೇನೆ.

ಇನ್ನು ಕಳ್ಳ ಮಾಲು. ರಾತ್ರಿ ಬೀದಿಯಲ್ಲಿ ಅಪರಿಚಿತನೊಬ್ಬ ಇಪ್ಪತ್ತು ಯೂರೋಗೆ ಸೈಕಲ್ಲು ಬೇಕೇ ಎಂದು ಕೇಳಿದರೆ ತಿರುಗಿಯೂ ನೋಡಬಾರದು. ಕದ್ದದ್ದೆಂದು ಗೊತ್ತಿದ್ದು ಕೊಂಡರೂ ಅಪರಾಧ, ಬೆಲೆ ನೋಡಿಯೇ ಅನುಮಾನ ಬರಬೇಕಿತ್ತು ಎನ್ನುವಂಥದ್ದನ್ನು ಕೊಂಡರೂ ಅಪರಾಧ. ವೀಸಾದ ಮೇಲೆ ಇರುವವರಿಗೆ ಆ ತಲೆನೋವು ಯಾಕೆ? ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ ಇರುತ್ತದೆ, ಸೀಟಿನ ಕೊಳವೆಯ ಮೇಲೋ ಪೆಡಲಿನ ನಡುಭಾಗದ ಅಡಿಯಲ್ಲೋ. ಅದನ್ನು ಪೊಲೀಸರ ಸ್ಟಾಪ್‌ಹೇಲಿಂಗ್ ಎಂಬ ತಾಣದಲ್ಲಿ ಹಾಕಿದರೆ ಕಳವಿನ ದೂರು ದಾಖಲಾಗಿದೆಯೇ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಹುಡುಕುವ ಅಗತ್ಯವೂ ಇಲ್ಲ, ಬಂದ ದಾರಿ ಹಿಡಿಯಬಹುದು. ಹಿಂಗಾಲಿಗೆ ಬಳೆಯಂತಹ ಬೀಗ ಹೆಚ್ಚಿನ ಸೈಕಲ್ಲುಗಳಿಗೆ ಇರುತ್ತದೆ. ಅದರ ಎರಡು ಕೀಲಿಯನ್ನೂ ಕೇಳಿ ಪಡೆಯಬೇಕು. ಅದರ ಜೊತೆಗೆ ದಪ್ಪ ಸರಪಳಿ ಬೀಗವೊಂದು ಬೇಕೇ ಬೇಕು, ಕಂಬಕ್ಕೋ ಕಂಬಿಗೋ ಸೇರಿಸಿ ಹಾಕಲು. ಸೈಕಲ್ಲಿಗಿಂತ ಬೀಗಕ್ಕೆ ಹೆಚ್ಚು ಕೊಟ್ಟ ವಿದ್ಯಾರ್ಥಿಗಳೂ ಇದ್ದಾರೆ, ಅವರು ದಡ್ಡರಲ್ಲ.

ಕತ್ತಲಾದ ಮೇಲೆ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪವಿಲ್ಲದೆ ಓಡಿಸಿದರೆ ದಂಡ. 2019ರ ಜುಲೈ 1ರಿಂದ ಸೈಕಲ್ ಓಡಿಸುತ್ತ ಮೊಬೈಲ್ ಹಿಡಿದರೂ ದಂಡ. ಬೆಲ್ಲಂತೂ ಕಡ್ಡಾಯ.

ಈಗ ಭಾವನ ಲೆಕ್ಕಕ್ಕೆ ಬರುತ್ತೇನೆ. ಸೈಕಲ್ಲಿಗೆ 150, ಸರಪಳಿ ಬೀಗಕ್ಕೆ 40, ಹಿಂದಿನ ದೀಪ ಮತ್ತು ಬ್ರೇಕ್ ತಂತಿಗೆ 15. ಇನ್ನೂರು ಚಿಲ್ಲರೆ. ಇದೇ ಬಗೆಯ ಹೊಸದು ಏಳುನೂರಕ್ಕೆ ಕಡಿಮೆಯಿಲ್ಲ. ಎರಡು ವರ್ಷ ಓಡಿಸಿ ಜೂನ್‌ನಲ್ಲಿ ಅವಸರದಿಂದ ಮಾರಿದರೂ ನೂರು ಹುಟ್ಟುತ್ತದೆ, ಆಗಸ್ಟ್‌ವರೆಗೆ ಕಾದರೆ ಇನ್ನಷ್ಟು. ಅಂದರೆ ಎರಡು ವರ್ಷದ ಓಡಾಟಕ್ಕೆ ನಿಜವಾಗಿ ಕೈಬಿಟ್ಟು ಹೋಗುವುದು ನಮ್ಮ ದುಡ್ಡಿನಲ್ಲಿ ಹತ್ತು ಸಾವಿರ, ರಿಪೇರಿ ಬೇರೆ. ಐವತ್ತು ಯೂರೋದ ಸೈಕಲ್ಲು ಕೊಂಡಿದ್ದರೆ ಮೊದಲ ಚಳಿಗಾಲದಲ್ಲೇ ಅಷ್ಟು ರಿಪೇರಿಗೆ ಹೋಗುತ್ತಿತ್ತು, ಮರಳಿ ಮಾರಿದರೆ ಕೇಳುವವರಿರುತ್ತಿರಲಿಲ್ಲ.

ಇದನ್ನೆಲ್ಲ ವಿವರಿಸಿದ ಮೇಲೆ ಭಾವ ಒಪ್ಪಿದರು. ಒಪ್ಪಿ ಸುಮ್ಮನಾಗಲಿಲ್ಲ. "ಹಾಗಾದರೆ ಮಗಳಿಗೂ ಒಂದು ಹಳೆಯದನ್ನೇ ನೋಡೋಣವೇ? ಕಾಲೇಜಿಗೂ ಪೇಟೆಗೂ ಆಗುತ್ತದೆ" ಎಂದರು. ಇಲ್ಲಿನ ಸೈಕಲ್ಲಿನ ಗುಣಗಾನ ಕೇಳಿ ಅವರು ಮಡಿಕೇರಿಯಲ್ಲಿಯೂ ಅಂಥದ್ದನ್ನೇ ಹುಡುಕಿಯಾರು ಎಂದು ನನಗೆ ದಿಗಿಲಾಯಿತು. ಹಾಗಾಗಿ ಮುಂದಿನದು ಊರಿನವರಿಗಾಗಿ.

ಕುಶಾಲನಗರ, ಕೊಪ್ಪ, ಬೈಲುಕುಪ್ಪೆಯ ಕಡೆ ನೆಲ ಸಮವಾಗಿದೆ, ಗಿಯರಿಲ್ಲದ ಸಾದಾ ಸೈಕಲ್ಲು ಧಾರಾಳ. ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ಲುಗಳು ಎಷ್ಟೋ ಮನೆಗಳ ಕೊಟ್ಟಿಗೆಯಲ್ಲಿ ಸೌದೆಯ ಹಿಂದೆ ಒರಗಿವೆ. ಚೌಕಟ್ಟು ಗಟ್ಟಿಯಾಗಿದ್ದರೆ ಟೈರು, ಟ್ಯೂಬು, ಚೈನು ಹೊಸದು ಹಾಕಿಸಿ, ಬೇರಿಂಗಿಗೆ ಗ್ರೀಸು ಹಚ್ಚಿಸಿದರೆ ಸಂತೆ ಸಾಮಾನು ತರಲು ಅದಕ್ಕಿಂತ ಬೇರೆ ಬೇಡ.

ಮಡಿಕೇರಿಯ ಮಾತು ಬೇರೆ. ಸಾದಾ ಸೈಕಲ್ಲಿನಲ್ಲಿ ಪೆಡಲಿನ ಬಳಿಯ ಹಲ್ಲಿನ ಚಕ್ರಕ್ಕೆ 44, ಹಿಂಗಾಲಿಯದಕ್ಕೆ 18 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ಲು ಐದು ಮೀಟರಿಗೂ ಹೆಚ್ಚು ಮುಂದೆ ಹೋಗಬೇಕು. ಸಮನೆಲದಲ್ಲಿ ಅದು ಸುಖ. ಮಹದೇವಪೇಟೆಯ ಏರಿನಲ್ಲಿ ಆ ಐದು ಮೀಟರನ್ನು ಒಂದೇ ತುಳಿತಕ್ಕೆ ಎತ್ತಲು ಯಾರ ಮಂಡಿಯಿಂದಲೂ ಆಗದು, ಇಳಿದು ತಳ್ಳಬೇಕು. ಗಿಯರಿನ ಸೈಕಲ್ಲಿನಲ್ಲಿ ಮುಂದಿನ ಅತಿ ಚಿಕ್ಕ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ 28, 28 ಹೀಗೆ ಸಮ ಹಲ್ಲು ಇದ್ದರೆ ಒಂದು ಸುತ್ತಿಗೆ ಎರಡು ಮೀಟರಿನ ಹತ್ತಿರ. ಮೆಲ್ಲಗೆ ಹೋದರೂ ಕುಳಿತೇ ಹೋಗಬಹುದು. ಎಷ್ಟು ಗಿಯರು ಎಂದು ಅಂಗಡಿಯವರು ದೊಡ್ಡದಾಗಿ ಹೇಳುವ 21, 24ರ ಲೆಕ್ಕ ಬೇಡ, ಈ ಎರಡು ಚಕ್ರಗಳ ಹಲ್ಲು ಎಣಿಸಿ.

ಏರಿಗಿಂತ ನನಗೆ ಇಳುಕಲಿನದೇ ಯೋಚನೆ. ಹಳೆಯ ಕಂಬಿ ಬ್ರೇಕಿನ ಸೈಕಲ್ಲಿಗೆ ಹೊಳೆಯುವ ಉಕ್ಕಿನ ರಿಮ್ಮು. ಒದ್ದೆಯಾದಾಗ ಅದರ ಮೇಲೆ ರಬ್ಬರು ಹಿಡಿಯುವುದೇ ಇಲ್ಲ, ಜಾರುತ್ತದೆ. ಆಷಾಢದಲ್ಲಿ ಮಡಿಕೇರಿಯ ಇಳಿಜಾರಿಗೆ ಅಂಥದ್ದನ್ನು ಬಿಡಬಾರದು. ಇಲ್ಲಿನವರ ಹಿಂದಕ್ಕೆ ಒತ್ತುವ ಬ್ರೇಕೂ ಘಾಟಿಗೆ ಹೇಳಿದ್ದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಹುಡುಗರು ಅಂಥ ಹಳೆಯ ಸೈಕಲ್ಲುಗಳಲ್ಲಿ ಬೆಟ್ಟದಿಂದ ಪೈಪೋಟಿಗೆ ಇಳಿಯುತ್ತಿದ್ದರು. ಕೆಳಗೆ ತಲುಪುವಷ್ಟರಲ್ಲಿ ಹಬ್‌ನ ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಇಂದು ಬೆಟ್ಟದ ಸೈಕಲ್ಲು ಎಂದು ಮಾರುವ ಜಾತಿ ಹುಟ್ಟಿದ್ದೇ ಅವರ ಆ ಹುಚ್ಚಾಟದಿಂದ. ಸಂಪಾಜೆಯ ಕಡೆಗೆ ಇಳಿಯುವ ರಸ್ತೆಯನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಗೆ ಎರಡೂ ಗಾಲಿಗೆ ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕು ಇರುವುದು ಒಳ್ಳೆಯದು. ಅದಿಲ್ಲದಿದ್ದರೆ ಅಲ್ಯೂಮಿನಿಯಂ ರಿಮ್ಮಾದರೂ ಇರಲಿ.

ಮುಂದಿನ ಫೋರ್ಕಿಗೆ ಸ್ಪ್ರಿಂಗು ಇದೆಯೆಂದು ಹೆಚ್ಚು ಕೊಡಬೇಡಿ. ಅಗ್ಗದ ಸೈಕಲ್ಲಿನ ಸ್ಪ್ರಿಂಗು ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬರೀ ಭಾರವಾಗುತ್ತದೆ. ಸಾದಾ ಫೋರ್ಕಿನದು ಸಿಕ್ಕರೆ ಅದೇ ಲೇಸು. ಹೊಸ ಮಾದರಿಯವು ಹೆಚ್ಚಾಗಿ ಮಡ್‌ಗಾರ್ಡು, ಕ್ಯಾರಿಯರು ಇಲ್ಲದೆಯೇ ಬರುತ್ತವೆ. ಅವನ್ನು ಕೂರಿಸಲು ಚೌಕಟ್ಟಿನ ಹಿಂಭಾಗದಲ್ಲಿ, ಆಕ್ಸಲ್ಲಿನ ಹತ್ತಿರ ಬೋಲ್ಟಿನ ತೂತುಗಳಿವೆಯೇ ನೋಡಬೇಕು. ತೂತಿಲ್ಲದಿದ್ದರೆ ಶುಕ್ರವಾರದ ಸಂತೆಯ ತರಕಾರಿ ಬೆನ್ನಿನ ಮೇಲೆಯೇ ಬರಬೇಕು, ಕೆಸರೂ ಅಲ್ಲಿಗೇ ಹಾರುತ್ತದೆ.

ನಿನ್ನೆ ಭಾವ ಮೂರು ಫೋಟೋ ಕಳುಹಿಸಿದ್ದಾರೆ, ಮಡಿಕೇರಿಯಲ್ಲೇ ಯಾರೋ ಆರು ಸಾವಿರಕ್ಕೆ ಕೊಡುತ್ತಾರಂತೆ. ಬಣ್ಣ ಚೆನ್ನಾಗಿದೆ. ಆದರೆ ಮೂರರಲ್ಲೂ ಸೈಕಲ್ಲಿನ ಎಡಬದಿಯೇ ಕಾಣುತ್ತದೆ. ಬಲಬದಿಯದನ್ನು ತರಿಸಿಕೊಳ್ಳಿ ಎಂದು ಹೇಳಿದ್ದೇನೆ. ಚೈನು, ಹಲ್ಲಿನ ಚಕ್ರ, ಗಿಯರು ಎಲ್ಲ ಇರುವುದು ಆ ಕಡೆಯಲ್ಲಿ.